ಅವ್ವ ಒಂದನೇ ಇಯತ್ತೆಯಲ್ಲಿ ಕೂತ ವರ್ಷ

ಜಮಖಂಡಿ, ಮುಧೋಳ, ಬೀಳಗಿ ಕಡೆಯ ಶಾಲೆಗಳಿಗೆ ಹೋಗಿ, ಆಟಿಸಂ ಇರುವ ಮಕ್ಕಳ ಜೊತೆ ಹೇಗಿರಬೇಕು ಎಂದು ಶಿಕ್ಷಕರಿಗೂ ಮನೆಯವರಿಗೂ ಹೇಳಿಕೊಡುವುದು ನನ್ನ ಕೆಲಸ. ತರಬೇತಿ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ನಾನು ಕಾಲೇಜಿನ ಹೆಸರು ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಕಾಲೇಜಿಗೆ ಹೋಗುವ ಹೊತ್ತಿಗೆ ಅರ್ಧ ವಿದ್ಯೆ ನನಗೆ ಬಂದಾಗಿತ್ತು. ಅದನ್ನು ಕಲಿಸಿದ್ದು ಬನಹಟ್ಟಿಯ ನಮ್ಮ ಮನೆ, ಮತ್ತು ನನಗಿಂತ ನಾಲ್ಕು ವರ್ಷ ಸಣ್ಣವಳಾದ ತಂಗಿ ಕಸ್ತೂರಿ. ಕಲಿತದ್ದೇನೂ ಚೆಂದವಾಗಿ ಕಲಿಯಲಿಲ್ಲ. ಒಂದು ಪೆಟ್ಟು ಕೊಟ್ಟು, ಒಂದು ಸುಳ್ಳು ಹೇಳಿ ಕಲಿತೆ.

ನಮ್ಮದು ನೇಕಾರರ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದಕ್ಕೆ ಹತ್ತಿದಂತೆ ನಾಲ್ಕು ಪವರ್‌ಲೂಮಿನ ಮಗ್ಗದ ಮನೆ, ಹಿಂದೆ ನೂಲು ಇಡುವ ಖೋಲಿ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು ಮತ್ತು ನೀರಿನ ಟಾಕಿ. ಮಗ್ಗಗಳು ನಡೆಯುವಾಗ ಆ ಮನೆಯಲ್ಲಿ ಮಾತು ಅಂದರೆ ಕೈಸನ್ನೆ. ಅಪ್ಪನಿಗೆ ಊಟಕ್ಕೆ ಕರೆಯಬೇಕಾದರೆ ಅವ್ವ ಬಾಗಿಲಲ್ಲಿ ನಿಂತು ಐದು ಬೆರಳು ಕೂಡಿಸಿ ಬಾಯಿಯ ಕಡೆ ತೋರಿಸುವಳು. ಅಪ್ಪ ಅಂಗೈ ಎತ್ತಿದರೆ ಇನ್ನೂ ತಡವಿದೆ ಎಂದು ಅರ್ಥ. ಕಸ್ತೂರಿಗೆ ಮೂರು ವರ್ಷವಾದರೂ ಮಾತು ಬಂದಿಲ್ಲ ಎಂಬುದು ನಮಗೆ ತಡವಾಗಿ ತಿಳಿದದ್ದಕ್ಕೆ ಇದೂ ಒಂದು ಕಾರಣ. ಮಾತಾಡದೆ ಬದುಕುವುದು ನಮ್ಮಲ್ಲಿ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ಅವಳು ಕೈಸನ್ನೆಯನ್ನೂ ಮಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಆಯಿ, ಅಂದರೆ ಅಪ್ಪನ ಅವ್ವ.

ಕಸ್ತೂರಿ ಮೂರನೆಯ ಮಗ್ಗದ ಬಾಜೂ, ಗೋಡೆಗೆ ಬೆನ್ನು ಹಚ್ಚಿ, ನೂಲಿನ ಲಡಿಯೊಂದನ್ನು ಕೆನ್ನೆಗೆ ಒತ್ತಿಕೊಂಡು ತಾಸುಗಟ್ಟಲೆ ಕೂಡುತ್ತಿದ್ದಳು. ನಾಲ್ಕು ಮಗ್ಗಗಳ ಸಪ್ಪಳ ಅವಳಿಗೆ ಏನೂ ಅಲ್ಲ. ಆದರೆ ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಉರುಳುವಳು. ಅವ್ವ ಕುಕ್ಕರನ್ನು ಅಟ್ಟಕ್ಕೆ ಹಾಕಿ ಬೇಳೆಯನ್ನು ಗಡಿಗೆಯಲ್ಲಿ ಕುದಿಸತೊಡಗಿದಳು. ಕಸ್ತೂರಿ ತಿನ್ನುತ್ತಿದ್ದುದು ಬಿಸಿಲಿಗೆ ಒಣಗಿಸಿದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅದೂ ಬೇರೆ ಬೇರೆ. ರೊಟ್ಟಿಗೆ ಪಲ್ಯದ ಒಂದು ಹನಿ ಸೋಕಿದರೂ ತಾಟು ಹಾರುತ್ತಿತ್ತು. ಆಯಿ ಯಾರಿಗೂ ಹೇಳದೆ ಅವಳಿಗೊಂದು ಎರಡು ಪಾಲಿನ ತಾಟು ತರಿಸಿದಳು. ಅದೇ ಆಯಿ ಅವಳ ಕೊರಳಿಗೆ ಮಠದ ದಾರವನ್ನೂ ಕಟ್ಟಿದಳು, ಹಣೆಗೆ ಬೂದಿಯನ್ನೂ ಹಚ್ಚಿದಳು. ಡಾಕ್ಟರರೊಬ್ಬರು ಕೆಲವು ಮಕ್ಕಳಿಗೆ ಮಾತು ತಡ, ಐದು ತುಂಬಿದರೆ ತಾನೇ ಬರುತ್ತದೆ ಎಂದು ಕಳಿಸಿದ್ದರು. ಐದು ತುಂಬಿತು. ಅಪ್ಪ ಈ ವಿಷಯವನ್ನೇ ಎತ್ತುತ್ತಿರಲಿಲ್ಲ. ದೊಡ್ಡವ್ವ ಮಾತ್ರ ಎತ್ತುತ್ತಿದ್ದಳು. ದೊಡ್ಡಪ್ಪ ಸೀರೆಯ ಗಂಟು ಹೊತ್ತು ಊರೂರು ತಿರುಗುವವನು, ಮನೆಯ ದೊಡ್ಡ ಸೊಸೆಯಾದ ಅವಳೇ ಎಲ್ಲವನ್ನೂ ನೋಡಿಕೊಳ್ಳಬೇಕಾಗಿತ್ತು. ಅವಳ ಮಗಳು ಸುಜಾತಕ್ಕನಿಗೆ ವರ ನೋಡುತ್ತಿದ್ದ ದಿನಗಳು ಅವು. ದೊಡ್ಡವ್ವ ಕೆಟ್ಟವಳಲ್ಲ, ಅಂಜಿದ್ದಳು.

ತೇರದಾಳದಿಂದ ಹುಡುಗನ ಕಡೆಯವರು ಬರುತ್ತಾರೆ ಎಂದು ಗೊತ್ತಾದ ದಿನ ದೊಡ್ಡವ್ವ ಅಡುಗೆಮನೆಯಲ್ಲಿ ಅವ್ವನ ಎದುರು ಕೂತಳು. ನಾನು ಅಲ್ಲೇ ಶೇಂಗಾ ಸುಲಿಯುತ್ತಿದ್ದೆ.

"ಒಂದ ತಾಸಿನ ಮಾತ, ತಂಗಿ. ಕಸ್ತೂರೀನ ನೂಲಿನ ಖೋಲ್ಯಾಗ ಕುಂಡ್ರಸು. ಸವಿ ಆಕಿ ಕೂಡ ಇರ್ತಾಳ," ಎಂದು ನನ್ನ ಕಡೆ ತೋರಿಸಿದಳು.

"ಅಳತಾಳಲ್ಲ ಅಕ್ಕಾ."

"ಎರಡ ಮಗ್ಗ ಚಾಲೂ ಇಡಾಕ ಹೇಳ್ತೇನಿ. ಸಪ್ಪಳ ಇದ್ರ ಸುಮ್ಮನ ಇರ್ತಾಳ. ನನ್ನ ಮಗಳ ಬಾಳೇದ ಪ್ರಶ್ನೆ ಐತಿ."

ಅವ್ವ ಹೂಂ ಅಂದಳು. ಬಂದವರು ಪಡಸಾಲೆಯಲ್ಲಿ ಕೂತರು, ಅವಲಕ್ಕಿ ಚಹಾ ಹೋಯಿತು. ನಾನು ನೂಲಿನ ಖೋಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕಸ್ತೂರಿಯ ಎದುರು ಕೂತಿದ್ದೆ. ಕರೆಂಟ್ ಹೋಗುವುದಕ್ಕೆ ಆಗೆಲ್ಲ ಒಂದು ವೇಳೆಯಿತ್ತು. ಹನ್ನೆರಡಕ್ಕೆ ಹೋಗಿ ಮೂರಕ್ಕೆ ಬರುತ್ತಿತ್ತು. ಅವತ್ತು ಮೂರಕ್ಕೆ ಬಂದದ್ದು ಸಂಜೆ ನಾಲ್ಕೂವರೆಗೆ ಮತ್ತೆ ಹೋಯಿತು. ನಮ್ಮ ಮಗ್ಗಗಳಷ್ಟೇ ಅಲ್ಲ, ಓಣಿಯ ಮಗ್ಗಗಳೆಲ್ಲ ಒಂದೇ ಉಸಿರಿಗೆ ನಿಂತವು. ಕಸ್ತೂರಿ ಕೆನ್ನೆಯಿಂದ ಲಡಿ ತೆಗೆದು ಕಿರುಚಿದಳು. ನಾನು ಅವಳ ಬಾಯಿ ಮುಚ್ಚಿದೆ. ಅವಳು ನನ್ನ ಅಂಗೈಯನ್ನು ಕಚ್ಚಿದಳು. ನಾನು ಅವಳ ಕೆನ್ನೆಗೆ ಹೊಡೆದೆ. ಸಣ್ಣ ಪೆಟ್ಟಲ್ಲ, ಕೈ ಬೀಸಿ ಹೊಡೆದೆ. ನನಗಾಗ ಹತ್ತು ವರ್ಷ, ಅವಳಿಗೆ ಆರು ತುಂಬುತ್ತಿತ್ತು. ಅಳು ಇನ್ನೂ ಹೆಚ್ಚಾದಾಗ ಏನು ಮಾಡಬೇಕೆಂದು ತಿಳಿಯದೆ ಅವಳನ್ನು ಒಳಗೇ ಬಿಟ್ಟು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಹುಡುಗನ ತಾಯಿ ಕೈ ತೊಳೆಯಲೆಂದು ಹಿತ್ತಲಿಗೆ ಹೊರಟವರು ಅಲ್ಲೇ ನಿಂತಿದ್ದರು. ನೀರಿನ ತಂಬಿಗೆ ಹಿಡಿದು ಅವರ ಹಿಂದೆ ಅವ್ವ.

"ಯಾರವಾ ಅಳಾಕತ್ತಾರು?" ಎಂದು ಅವರು ಅವ್ವನ ಕಡೆ ನೋಡಿ ಕೇಳಿದರು.

"ಬಾಜೂ ಮನಿ ಹುಡಗಿರಿ," ಎಂದೆ ನಾನು.

ಅವ್ವ ನನ್ನನ್ನು ನೋಡಿದಳು. ತಂಬಿಗೆಯನ್ನು ನೆಲಕ್ಕಿಟ್ಟು, ನನ್ನನ್ನು ಸರಿಸಿ ಒಳಗೆ ಹೋಗಿ, ಕಸ್ತೂರಿಯನ್ನು ಟೊಂಕದ ಮೇಲೆ ಎತ್ತಿಕೊಂಡು ಬಂದಳು. ಮಗುವಿನ ಕೆನ್ನೆಯಲ್ಲಿ ನನ್ನ ಬೆರಳಿನ ಗುರುತು ಕೆಂಪಗೆ ಎದ್ದಿತ್ತು.

"ಇಕಿ ನನ್ನ ಸಣ್ಣ ಮಗಳ್ರಿ. ಮಾತ ಬರೂದಿಲ್ಲ. ಮಗ್ಗ ನಿಂತ್ರ ಅಂಜತಾಳ."

ಆ ಹೆಂಗಸು ಕೆಟ್ಟ ಮಾತೊಂದನ್ನೂ ಆಡಲಿಲ್ಲ. ಕಸ್ತೂರಿಯ ತಲೆ ಸವರಿ, ಕೈ ತೊಳೆದು, ಹೋಗಿ ಕೂತರು. ವಾರದಲ್ಲಿ ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಎಂಬ ಸುದ್ದಿ ಬಂತು. ದೊಡ್ಡವ್ವ ಅವ್ವನ ಜೊತೆ ಮಾತು ಬಿಟ್ಟಳು. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹತ್ತಿದವು. ಆಯಿ ಒಂದು ಹೊತ್ತು ಈ ಒಲೆಯದು, ಒಂದು ಹೊತ್ತು ಆ ಒಲೆಯದು ಉಣ್ಣುತ್ತಿದ್ದಳು. ಸುಜಾತಕ್ಕ ನನಗೆ ತಲೆ ಹಿಕ್ಕಿ ಹೆರಳು ಹಾಕುವುದನ್ನು ಬಿಡಲಿಲ್ಲ, ಆದರೆ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಆ ಪೆಟ್ಟಿನ ಬಗ್ಗೆ, ಆ ಸುಳ್ಳಿನ ಬಗ್ಗೆ ಅವ್ವ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಅತ್ತು ಮರೆಯುತ್ತಿದ್ದೆನೇನೋ. ಬೈಯದ ಕಾರಣ ಅದು ನನ್ನೊಳಗೇ ಉಳಿಯಿತು. ಕಸ್ತೂರಿಯ ಪಕ್ಕ ಹೋಗಿ ಕೂತರೆ ಅವಳು ಸ್ವಲ್ಪ ಸರಿದು ಕೂಡುತ್ತಿದ್ದಳು. ಅವಳು ಮೊದಲೂ ಹಾಗೆ ಮಾಡುತ್ತಿದ್ದಳೋ ಏನೋ, ನನಗೆ ಮಾತ್ರ ಅದೇ ಪೆಟ್ಟು ನೆನಪಾಗುತ್ತಿತ್ತು.

ಬೇಸಿಗೆಯ ಸೂಟಿಯಲ್ಲಿ ನಮ್ಮ ಶಾಲೆಯ ಶಾಂತಾ ಅಕ್ಕಾರು ಮನೆಮನೆಗೆ ಬಂದು ಶಾಲೆಗೆ ಹೋಗದ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದರು. ಒಂದನೇ ಇಯತ್ತೆಯ ಮಕ್ಕಳಿಗೆ ಕಲಿಸುವವರು ಅವರೇ. ಪಡಸಾಲೆಯಲ್ಲಿ ಕೂತ ಆಯಿ, ನಮ್ಮ ಮನೆಯಲ್ಲಿ ಅಂಥ ಮಕ್ಕಳಿಲ್ಲ, ಸವಿ ಸಾಲಿಗೆ ಬರುತ್ತಾಳಲ್ಲ ಎಂದಳು. ಅಕ್ಕಾರು ಪುಸ್ತಕ ಮುಚ್ಚುವಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು.

"ಇನ್ನೊಬ್ಬಾಕಿ ಅದಾಳ್ರಿ. ಬರಕೊಳ್ರಿ."

ಅಕ್ಕಾರು ಮಗ್ಗದ ಮನೆಗೆ ಬಂದು ಕಸ್ತೂರಿಯನ್ನು ಬಹಳ ಹೊತ್ತು ನೋಡಿದರು. ಹೆಸರು ಹಿಡಿದು ಕರೆದರು, ಅವಳು ತಿರುಗಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳಿದರು:

"ಖರೆ ಹೇಳ್ತೇನ್ರಿ, ಇಂಥಾ ಕೂಸಿಗೆ ಕಲಸೂದು ನನಗ ಗೊತ್ತಿಲ್ಲ. ಅದಕ್ಕಂತನ ಜಮಖಂಡ್ಯಾಗ ನಮಗ ಮೂರ ದಿನ ಟ್ರೇನಿಂಗ್ ಇಟ್ಟಾರ. ಕಡೀ ದಿನ ತಾಯಿ-ತಂದೀನ್ನೂ ಕರದಾರ. ನೀವೂ ಬರ್ರಿ. ಇಬ್ಬರೂ ಕೂಡೇ ಕಲಿಯೂಣು."

ಅಪ್ಪ ಮಗ್ಗ ಬಿಟ್ಟು ಬರಲಿಲ್ಲ. ಅಪ್ಪನಿಲ್ಲದೆ ಬಸ್ಸು ಹತ್ತಿ ಗೊತ್ತಿರದ ಅವ್ವ ಕಸ್ತೂರಿಯನ್ನು ಎತ್ತಿಕೊಂಡು ನನ್ನನ್ನು ಜೊತೆಗೆ ಕರೆದುಕೊಂಡಳು. ಜಮಖಂಡಿಯಲ್ಲಿ ಒಂದು ಸರಕಾರಿ ಕಟ್ಟಡದ ಮೇಲಿನ ಕೋಣೆ. ಬೆಂಚುಗಳ ತುಂಬ ಶಿಕ್ಷಕರು, ಗೋಡೆಯ ಬದಿಗೆ ಜಮಖಾನೆಯ ಮೇಲೆ ನಮ್ಮಂಥ ಏಳೆಂಟು ಮನೆಯವರು. ಹೇಳಿಕೊಡಲು ಬಂದವರು ಮುಧೋಳದ ಕಡೆಯ ಹೆಣ್ಣುಮಗಳು, ನಮ್ಮ ಹಾಗೇ ಮಾತಾಡುವವರು. ಆಟಿಸಂ ಎಂಬ ಶಬ್ದವನ್ನು ನಾವು ಮೊದಲು ಕೇಳಿದ್ದು ಅವರ ಬಾಯಲ್ಲಿ. ಇದು ಯಾರ ಕಣ್ಣೂ ಅಲ್ಲ, ಯಾರ ಪಾಪವೂ ಅಲ್ಲ, ತಾಯಿ ಬಸುರಿಯಿದ್ದಾಗ ಮಾಡಿದ ತಪ್ಪೂ ಅಲ್ಲ ಎಂದು ಅವರು ಹೇಳಿದಾಗ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಳಿಗೆ ಕೊಟ್ಟರೆ ಹೋಗುವಂಥದ್ದೂ ಅಲ್ಲ ಎಂದಾಗ ಸೆರಗು ಕೆಳಗಿಳಿಯಿತು. ಆಮೇಲೆ ಅವರು ಕಸ್ತೂರಿಯನ್ನು ತೋರಿಸಿ, ಈ ಹುಡುಗಿಯ ಬಗ್ಗೆ ಯಾರಿಗೆ ಏನು ಗೊತ್ತು ಎಂದು ಕೇಳಿದರು. ಅವ್ವ ನಾಚಿ ನನ್ನನ್ನು ಮುಂದೆ ದೂಡಿದಳು.

ನಾನು ಹೇಳತೊಡಗಿದೆ. ರೊಟ್ಟಿ, ಹಿಂಡಿ, ಕುಕ್ಕರಿನ ಸೀಟಿ, ಯಾವ ಬಣ್ಣದ ಲಡಿಯಾದರೆ ಕೆನ್ನೆಗೆ ಒತ್ತುತ್ತಾಳೆ, ಯಾವುದನ್ನು ಮುಟ್ಟುವುದಿಲ್ಲ, ನೀರಿನ ಟಾಕಿ ತುಂಬುವಾಗ ಹೇಗೆ ನಗುತ್ತಾಳೆ. ಬೆಂಚಿನಲ್ಲಿದ್ದ ಶಿಕ್ಷಕರು ಬರೆದುಕೊಳ್ಳುತ್ತಿದ್ದರು. ದೊಡ್ಡವರು ನಾನು ಹೇಳಿದ್ದನ್ನು ಬರೆದುಕೊಂಡದ್ದು ಅದೇ ಮೊದಲು. ನನ್ನ ದನಿ ದೊಡ್ಡದಾಗುತ್ತ ಹೋಯಿತು. ಕರೆಂಟ್ ಹೋದರೆ ಅಳುತ್ತಾಳೆ ಎಂದಾಗ ಹಿಂದಿನ ಬೆಂಚಿನ ಮಾಸ್ತರರೊಬ್ಬರು, ನಮಗೂ ಅಳು ಬರ್ತೈತಿ ಬಿಡವಾ ಎಂದರು. ಎಲ್ಲರೂ ನಕ್ಕರು. ಮುಧೋಳದವರು ನಗಲಿಲ್ಲ.

"ಸಪ್ಪಳ ನಿಂತದ್ದಕ್ಕ ಅಳತಾಳೋ, ಹೇಳದ ನಿಂತದ್ದಕ್ಕ ಅಳತಾಳೋ?"

ನಾನು ಅವ್ವನ ಕಡೆ ನೋಡಿದೆ. ಅವರು ಇನ್ನೊಂದು ಕೇಳಿದರು.

"ಆಕಿ ಅಳುವಾಗ ನೀ ಏನ ಮಾಡ್ತಿ?"

"ಹೊಡದೇನ್ರಿ," ಎಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು ಬೆಂಚುಗಳ ಕಡೆ ತಿರುಗಿ ಕೇಳಿದರು:

"ಒಮ್ಮಿನೂ ಕೂಸಿನ ಮ್ಯಾಲ ಕೈ ಮಾಡಲಾರದವರು ಇಲ್ಲಿ ಎಷ್ಟ ಮಂದಿ ಅದೀರಿ? ಕೈ ಎತ್ರಿ."

ಒಂದು ಕೈಯೂ ಮೇಲೆ ಹೋಗಲಿಲ್ಲ. ಶಾಂತಾ ಅಕ್ಕಾರರದೂ ಇಲ್ಲ, ಅವ್ವನದೂ ಇಲ್ಲ. ಕೇಳಿದವರು ತಮ್ಮ ಕೈಯನ್ನೂ ಎತ್ತಲಿಲ್ಲ. ಗೊತ್ತಿರಲಾರದ್ದಕ್ಕ ಹೊಡೀತೇವಿ, ಗೊತ್ತು ಮಾಡಕೊಳ್ಳೂಣು ಎಂದಷ್ಟೇ ಹೇಳಿ ಮುಂದಿನ ಮಾತಿಗೆ ಹೋದರು. ಈಗ ನಾನು ತರಬೇತಿ ಕೊಡುವಾಗಲೂ ಆ ಪ್ರಶ್ನೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಳ್ಳುತ್ತೇನೆ. ಕೇಳಲು ಧೈರ್ಯ ಸಾಲುವುದಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಕಸ್ತೂರಿ ಅವ್ವನ ತೊಡೆಯ ಮೇಲೆ ಕೂತು ಕಿಟಕಿಯ ಸರಳಿಗೆ ಹಣೆ ಹಚ್ಚಿದ್ದಳು. ಅಷ್ಟು ಜನರ ಮುಂದೆ ಪೆಟ್ಟಿನ ಮಾತು ಹೇಳಿಯಾಗಿತ್ತು, ಇನ್ನೊಂದು ಉಳಿದಿತ್ತು.

"ಯವ್ವಾ, ಅವತ್ತ ನಾ ಬಾಜೂ ಮನಿ ಹುಡಗಿ ಅಂದದ್ದು ನಿನಗ ಕೇಳಿಸಿತ್ತಿಲ್ಲ?"

"ಕೇಳಿಸಿತ್ತು."

"ಮತ್ತ ಯಾಕ ಬೈಲಿಲ್ಲ ಬೇ?"

ಅವ್ವ ಹೊರಗಿನ ಕಬ್ಬಿನ ಹೊಲಗಳನ್ನು ನೋಡುತ್ತ ಹೇಳಿದಳು:

"ಏನಂತ ಬೈಲಿ? ಅವರು ನನ್ನ ನೋಡಿ ಕೇಳಿದ್ದರು. ನಾನೂ ಅದನ್ನ ಹೇಳಾಕ ಬಾಯಿ ತಗದಿದ್ದೆ. ನೀ ನನಗಿಂತ ಮುಂಚೆ ಅಂದಿ. ನಿನ್ನ ಬಾಯಾಗ ಕೇಳಿದ ಮ್ಯಾಲ ನನಗ ಅದು ಎಂಥಾ ಮಾತಂತ ತಿಳೀತು."

ಅವತ್ತು ಸಂಜೆ ಊಟಕ್ಕೆ ಕೂತ ಅಪ್ಪನಿಗೆ ಅವ್ವ ಎಲ್ಲವನ್ನೂ ಹೇಳಿದಳು. ಹನ್ನೆರಡಕ್ಕೆ ಹೆಂಗೂ ಕರೆಂಟ್ ಹೋಗುತ್ತದೆ, ಅದಕ್ಕೂ ಸ್ವಲ್ಪ ಮುಂಚೆ ಒಂದೊಂದೇ ಮಗ್ಗ ನಿಲ್ಲಿಸಿ, ಅವಳಿಗೆ ತೋರಿಸಿ ನಿಲ್ಲಿಸಿ ಎಂದಳು. ಅಪ್ಪ ರೊಟ್ಟಿ ಮುರಿಯುತ್ತ, "ಮಗ್ಗ ಅಂದ್ರ ಹುಡಗೂರ ಆಟಿಗಿ ಅಲ್ಲ," ಎಂದ. ಅಲ್ಲಿಗೆ ಆ ಮಾತು ಮುಗಿಯಿತು ಅಂದುಕೊಂಡೆವು. ಎಂಟು ಹತ್ತು ದಿನ ಎಂದಿನಂತೆ ಹನ್ನೆರಡಕ್ಕೆ ಅಳು ಎದ್ದಿತು. ಒಂದು ದಿನ ನಾನು ನೀರು ಕೊಡಲು ಹೋದಾಗ ಅಪ್ಪ ಕಸ್ತೂರಿಯ ಎದುರು ಕುಕ್ಕರುಗಾಲಿನಲ್ಲಿ ಕೂತಿದ್ದ. ನಾಲ್ಕು ಬೆರಳು ಎತ್ತಿ ಹಿಡಿದಿದ್ದ. ಎದ್ದು ಹೋಗಿ ಒಂದು ಮಗ್ಗ ನಿಲ್ಲಿಸಿದ, ಬಂದು ಒಂದು ಬೆರಳು ಮಡಿಸಿದ. ಮತ್ತೆ ಎದ್ದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೊನೆಯ ಮಗ್ಗ ನಿಂತಾಗ ಕಸ್ತೂರಿ ಕಿವಿ ಮುಚ್ಚಿಕೊಂಡಳು, ನರಳಿದಳು, ಆದರೆ ಕಿರುಚಲಿಲ್ಲ. ಅಪ್ಪ ಈ ಬಗ್ಗೆ ಯಾರಿಗೂ ಏನೂ ಹೇಳಲಿಲ್ಲ, ದಿನಾ ಮಾಡಿದ. ಎಷ್ಟೋ ದಿನಗಳ ಮೇಲೆ ಕೊನೆಯ ಬೆರಳನ್ನು ಕಸ್ತೂರಿಯೇ ಹಿಡಿದು ಮಡಿಸಿದಳು. ವೇಳೆ ತಪ್ಪಿ ಕರೆಂಟ್ ಹೋದ ದಿನ ಅಳು ಇದ್ದೇ ಇತ್ತು. ಆದರೆ ಅದಾದ ಮೇಲೆ ಅಪ್ಪ ಅವಳನ್ನು ಕುರಿತು ಮಾತಾಡತೊಡಗಿದ.

ಜೂನ್‌ನಲ್ಲಿ ಹೆಡ್‌ಮಾಸ್ತರರು ಕಸ್ತೂರಿಯ ಹೆಸರು ಶಾಲೆಗೆ ಹಚ್ಚಿಕೊಂಡರು, ತಾಯಿ ಕೂಡ ಬಂದು ಕೂಡಬೇಕು ಎಂಬ ಕರಾರಿನ ಮೇಲೆ. ಹೀಗೆ ನಾನು ಐದನೇ ಇಯತ್ತೆಯಲ್ಲಿದ್ದಾಗ ನನ್ನ ಅವ್ವ ಒಂದನೇ ಇಯತ್ತೆಗೆ ಬಂದಳು. ಇಳಕಲ್ ಸೀರೆ ಉಟ್ಟು, ಗಿಡ್ಡ ಮಣೆಯ ಮೇಲೆ, ಆರು ವರ್ಷದ ಮಕ್ಕಳ ಸಾಲಿನ ಕೊನೆಗೆ ಕೂಡುತ್ತಿದ್ದಳು. ನನ್ನ ಗೆಳತಿಯರಿಗೆ ನಗೆಯೋ ನಗೆ. ನಿಮ್ಮವ್ವ ಯಾವಾಗ ಪಾಸ್ ಆಗ್ತಾಳ ಲೇ ಸವಿ ಎಂದು ಕೇಳುವರು. ನಾನು ಊಟದ ಸೂಟಿಯಲ್ಲಿ ಆ ಕೋಣೆಯ ಮುಂದೆ ಹಾಯದೆ ಶಾಲೆಯ ಹಿಂದಿನಿಂದ ಸುತ್ತಿ ನಳಕ್ಕೆ ಹೋಗುತ್ತಿದ್ದೆ. ಶಾಂತಾ ಅಕ್ಕಾರು ದಿನದ ಕೆಲಸಗಳ ಚಿತ್ರ ಬರೆದು ಗೋಡೆಗೆ ಹಚ್ಚಿದ್ದರು: ಪ್ರಾರ್ಥನೆ, ಪಾಟಿ-ಬಳಪ, ಗಂಟೆ, ಊಟ, ಮನೆ. ಒಂದೊಂದು ಮುಗಿದಂತೆ ಕಸ್ತೂರಿಗೆ ತೋರಿಸಿ ಚಿತ್ರ ತೆಗೆಯುವರು. ಗಂಟೆ ಬಾರಿಸುವ ಮುಂಚೆ ಅವ್ವ ಅವಳನ್ನು ಬೇವಿನ ಗಿಡದ ಕಡೆ ಕರೆದೊಯ್ಯುವಳು. ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ದಿನ ಕಸ್ತೂರಿ ಪಕ್ಕದ ಹುಡುಗಿಯ ತೋಳನ್ನು ರಕ್ತ ಬರುವಂತೆ ಕಚ್ಚಿದಳು.

ಮರುದಿನ ಆ ಹುಡುಗಿಯ ಅಪ್ಪ ಇನ್ನೂ ನಾಲ್ಕು ಜನರನ್ನು ಕರೆದುಕೊಂಡು ಬಂದ. ಪ್ರಾರ್ಥನೆ ಮುಗಿದಿತ್ತು, ಕಟ್ಟೆಯ ಮೇಲೆ ಎಲ್ಲರೂ ನೋಡುವಂತೆ ಮಾತು ನಡೆಯಿತು. ಅವ್ವ ಕಸ್ತೂರಿಯ ಕೈ ಹಿಡಿದು ಗೋಡೆಗೆ ಆತು ನಿಂತಿದ್ದಳು. ಹೆಡ್‌ಮಾಸ್ತರರು, ಈ ವರ್ಷಕ್ಕ ಸಾಕು ಬಿಡ್ರಿ, ಮುಂದಿನ ವರ್ಷ ನೋಡೂಣು ಎನ್ನುವಷ್ಟರಲ್ಲಿ ಶಾಂತಾ ಅಕ್ಕಾರು ಮುಂದೆ ಬಂದರು.

"ತಪ್ಪ ನಂದ್ರಿ ಸರ್. ನಿನ್ನೆ ನಮ್ಮ ಖೋಲಿ ಸೋರಾಕತ್ತಿತ್ತಂತ ಎಲ್ಲಾರನೂ ಬ್ಯಾರೆ ಖೋಲಿಗೆ ಎಬ್ಬಿಸಿಕೊಂಡ ಹೋದೆ. ಇಕಿಗೆ ಮದಲ ತೋರಸಬೇಕಿತ್ತು. ಗೊತ್ತಿದ್ದೂ ಮರತೆ."

"ನಾಳಿ ಮತ್ತ ಕಡದ್ರ?" ಎಂದ ಹುಡುಗಿಯ ಅಪ್ಪ.

"ಮತ್ತ ಕಡದ್ರ ನನ್ನ ಬಂದ ಕೇಳ್ರಿ. ಇವರನ್ನ ಕೇಳಬ್ಯಾಡ್ರಿ."

ಶಾಲೆಯ ಅಕ್ಕಾರೊಬ್ಬರು, ಅಷ್ಟು ಜನರ ಮುಂದೆ, ತಮ್ಮದೇ ತಪ್ಪು ಎಂದು ಹೇಳುವುದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಬಂದವರು ಒಬ್ಬೊಬ್ಬರೇ ಹೋದರು. ಅವತ್ತು ಊಟದ ಸೂಟಿಯಲ್ಲಿ ನಾನು ಹಿಂದಿನಿಂದ ಸುತ್ತಲಿಲ್ಲ. ಒಂದನೇ ಇಯತ್ತೆಗೆ ಹೋಗಿ ಅವ್ವನ ಪಕ್ಕ ಕೂತು ಬುತ್ತಿ ಬಿಚ್ಚಿದೆ. ಅವ್ವ ತನ್ನ ಉಪ್ಪಿನಕಾಯಿಯನ್ನು ನನ್ನ ರೊಟ್ಟಿಯ ಮೇಲೆ ಇಟ್ಟಳು.

ಕಸ್ತೂರಿ ಏಳನೇ ಇಯತ್ತೆಯವರೆಗೆ ಅದೇ ಶಾಲೆಯಲ್ಲಿ ಕೂತಳು. ಅಕ್ಷರ ಒಂದಿಷ್ಟು ಬಂತು, ಮಾತು ಹತ್ತಿಪ್ಪತ್ತು ಬಂತು. ಈಗ ಅವಳಿಗೆ ಮೂವತ್ತು ದಾಟಿದೆ, ಅವ್ವನ ಜೊತೆಗೇ ಇದ್ದಾಳೆ. ಅವಳು ಆರಾಮಾದಳೇ ಎಂದು ಇವತ್ತಿಗೂ ಕೇಳುವವರಿದ್ದಾರೆ. ಅವಳಿಗೆ ರೋಗ ಇರಲಿಲ್ಲ ಎಂದು ಅವ್ವ ಹೇಳುತ್ತಾಳೆ. ಸುಜಾತಕ್ಕನಿಗೆ ಮರುವರ್ಷ ಸಾವಳಗಿಯಲ್ಲಿ ಕೂಡಿಬಂತು. ಮದುವೆಯ ಅಡುಗೆಗೆ ದೊಡ್ಡ ಪಾತ್ರೆಗಳನ್ನು ಇಳಿಸುವಾಗ ಎರಡೂ ಒಲೆಗಳು ಅಡ್ಡವಾದವು, ದೊಡ್ಡವ್ವ ತನ್ನದನ್ನು ಕಿತ್ತು ಹಿತ್ತಲಿಗೆ ಹಾಕಿದಳು. ಮತ್ತೆ ಹೂಡಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಆ ಮೊದಲ ವರ್ಷದ ದೀಪಾವಳಿ ಸೂಟಿ ಮುಗಿದ ಮೇಲಿನ ಒಂದು ದಿನದ ಮಾತು. ಊಟದ ಹೊತ್ತಿಗೆ ಒಂದನೇ ಇಯತ್ತೆಗೆ ಹೋದರೆ ಅವ್ವನ ಮಣೆ ಖಾಲಿಯಿತ್ತು. ಕಸ್ತೂರಿ ಮಾತ್ರ ಇದ್ದಳು, ಅಕ್ಕಾರರ ಪಕ್ಕ ಕೂತು ರೊಟ್ಟಿ ತಿನ್ನುತ್ತಿದ್ದಳು.

"ನಮ್ಮವ್ವ ಎಲ್ಲಿ ಹೋದಳ್ರಿ?"

"ಇವತ್ತಿಂದ ನೀವು ಬರಬ್ಯಾಡ್ರಿ, ಕಸ್ತೂರಿ ಬರ್ಲಿ ಅಂತ ಹೇಳಿದೆ. ಬಾಗಲದಾಗ ಭಾಳ ಹೊತ್ತ ನಿಂತಿದ್ರು. ಈಗ ಮನಿಗೆ ಹೋದ್ರು."

ನಾನು ಮನೆಗೆ ಓಡಿದೆ. ನಾಲ್ಕೂ ಮಗ್ಗ ನಡೆಯುತ್ತಿದ್ದವು. ಆ ಹೊತ್ತಿಗೆ ಕರೆಂಟಿನ ವೇಳೆ ಬದಲಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಆಯಿ ಕಾಲು ಚಾಚಿ ಕೂತಿದ್ದಳು, ನನ್ನನ್ನು ಕಂಡ ಕೂಡಲೇ ತುಟಿಗೆ ಬೆರಳು ಹಚ್ಚಿದಳು. ಒಳಗೆ ಅವ್ವ, ಶಾಲೆಗೆ ಉಟ್ಟ ಸೀರೆಯಲ್ಲೇ, ಬರಿ ನೆಲದ ಮೇಲೆ, ತೋಳನ್ನು ತಲೆಗಿಟ್ಟುಕೊಂಡು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಅಂಜಿ ಒಳಗೆ ಕಾಲಿಡಹೋದೆ. ಆಯಿ ನನ್ನ ಲಂಗ ಹಿಡಿದು ಎಳೆದು ಕಿವಿಯಲ್ಲಿ ಹೇಳಿದಳು:

"ಎಬ್ಬಿಸಬ್ಯಾಡ. ಏನೂ ಆಗಿಲ್ಲ. ಬಂದಾಕಿನ, ಇನ್ನ ಏನ ಮಾಡ್ಲಿ ಅತ್ತಿ ಅಂತ ಕೇಳಿದ್ಲು. ಏನೂ ಮಾಡಬ್ಯಾಡ ಅಂದೆ. ಆರ ವರ್ಷ ಆತು, ಇಕಿ ಹಗಲಿ ಮಕ್ಕೊಂಡದ್ದ ನಾ ನೋಡಿಲ್ಲ."

ನಾನು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡು ಸಪ್ಪಳವಾಗದಂತೆ ಹೊರಗೆ ಬಂದೆ. ಅಷ್ಟು ಮಗ್ಗಗಳ ನಡುವೆ ನನ್ನ ಹೆಜ್ಜೆ ಯಾರಿಗೆ ಕೇಳಿಸುತ್ತಿತ್ತು ಎಂಬುದು ಹೊಳೆಯಲಿಲ್ಲ. ಸಂಜೆ ಶಾಲೆ ಬಿಟ್ಟಾಗ ಕಸ್ತೂರಿಯನ್ನು ಕರೆದುಕೊಂಡು ಬರಲು ಒಂದನೇ ಇಯತ್ತೆಯ ಬಾಗಿಲಿಗೆ ನಾನೇ ಹೋಗಿ ನಿಂತೆ. ಅವಳು ನನ್ನ ಕೈ ಹಿಡಿಯಲಿಲ್ಲ, ನನ್ನ ಚೀಲದ ಬಾರು ಹಿಡಿದು ನಡೆದಳು. ಅವಳಿಗೆ ಬೇಕಾದಲ್ಲಿ ನಿಂತು, ನಡೆದಲ್ಲಿ ನಡೆದು, ಸಾವಕಾಶ ಬಂದೆವು. ನಾವಿಬ್ಬರೂ ಮನೆ ಮುಟ್ಟಿದಾಗ ಅವ್ವ ಇನ್ನೂ ಎದ್ದಿರಲಿಲ್ಲ.